ಒಂಬತ್ತು ಕಿರುಸಹಿ

ನನ್ನ ಬೆನ್ನ ಹಿಂದೆ ಕಚೇರಿಯವರೆಲ್ಲ ನನ್ನನ್ನು ‘ಕೆಂಪು ಪೆನ್ಸಿಲ್’ ಅನ್ನುತ್ತಾರೆ. ನನಗೆ ಗೊತ್ತಿಲ್ಲವೆಂದು ಅವರ ನಂಬಿಕೆ. ಇಪ್ಪತ್ತೊಂಬತ್ತು ವರ್ಷ ಒಂದೇ ಕಟ್ಟಡದಲ್ಲಿ ಕೂತವಳಿಗೆ ಯಾರು ಯಾವ ಮೂಲೆಯಲ್ಲಿ ಪಿಸುಗುಟ್ಟಿದರೂ ಕಿವಿಗೆ ಬಿದ್ದೇ ಬೀಳುತ್ತದೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಒಳಗೊಳಗೇ ಜಂಬವಿತ್ತು. ಆ ಜಂಬ ಏನು ಮಾಡಿತು ಎಂದು ಹೇಳಲು ಹೊರಟಿದ್ದೇನೆ, ಅದಕ್ಕೇ ಮೊದಲು ಅದನ್ನು ಒಪ್ಪಿಕೊಂಡುಬಿಡುತ್ತೇನೆ.

ನಮ್ಮದು ದಾಖಲೆ ಕಚೇರಿ. ಹುಟ್ಟಿದವರು, ಸತ್ತವರು, ಮದುವೆಯಾದವರು, ಮನೆ ಕೊಂಡವರು, ಎಲ್ಲರೂ ನಮ್ಮ ರಿಜಿಸ್ಟರುಗಳಲ್ಲಿ ಒಂದೊಂದು ಸಾಲಾಗಿ ಬಿದ್ದುಕೊಂಡಿದ್ದಾರೆ. ಯಾರಾದರೂ ನಕಲು ಬೇಕೆಂದು ಅರ್ಜಿ ಹಾಕಿದರೆ ಟೈಪಿಸ್ಟ್ ಅದನ್ನು ತಯಾರಿಸುತ್ತಾಳೆ. ಆಮೇಲೆ ಅದು ನಮ್ಮ ತಪಾಸಣೆ ವಿಭಾಗಕ್ಕೆ ಬರುತ್ತದೆ. ನಾವು ಮೂಲ ರಿಜಿಸ್ಟರನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಹೋಲಿಸಿ, ಸರಿಯಿದ್ದ ಸಾಲಿಗೆ ಕೆಂಪು ಪೆನ್ಸಿಲ್ಲಿನಿಂದ ಟಿಕ್ ಹಾಕುತ್ತೇವೆ. ಟಿಕ್ಕಿನ ಪಕ್ಕದಲ್ಲೇ ಕಿರುಸಹಿ, ಅಂದರೆ ಹೆಸರಿನ ಒಂದೆರಡು ಅಕ್ಷರವನ್ನು ಸುತ್ತಿ ಎಳೆದ ಇನಿಷಿಯಲ್. ನಾಳೆ ಏನಾದರೂ ಎಡವಟ್ಟಾದರೆ ಯಾರ ಕೈಯಿಂದ ಆಯಿತೆಂದು ತಿಳಿಯಬೇಕಲ್ಲ.

ಹೊಸದಾಗಿ ಸೇರಿದವರು ಯಾರೇ ಇರಲಿ, ಮೊದಲ ಆರು ತಿಂಗಳು ನನ್ನ ವಿಭಾಗದಲ್ಲಿ ಕೂತು ಪಳಗಬೇಕು. ಅದು ನಮ್ಮಲ್ಲಿ ಹಳೆಯ ರೂಢಿ. ಹಾಗಾಗಿ ಟೈಪಿಸ್ಟಿನಿಂದ ಹಿಡಿದು, ಇವತ್ತು ಮೀಸೆ ತಿರುವಿಕೊಂಡು ಓಡಾಡುವ ಸೂಪರಿಂಟೆಂಡೆಂಟಿನವರೆಗೆ ಬಹುಪಾಲು ಎಲ್ಲರೂ ಒಂದು ಕಾಲಕ್ಕೆ ನನ್ನ ಎಡಗಡೆಯ ಸ್ಟೂಲಿನಲ್ಲಿ ಕೂತು ಬೈಸಿಕೊಂಡವರೇ. “ಟಿಕ್ ಹಾಕಿ ಇನಿಷಿಯಲ್ ಹಾಕ್ದೆ ಬಿಟ್ರೆ ಅದು ಟಿಕ್ ಅಲ್ಲ, ಸೊಳ್ಳೆ ಸತ್ತ ಗುರುತು” ಎನ್ನುವುದು ನನ್ನ ಖಾಯಂ ಮಾತು. ನೂರಾ ನಲವತ್ಮೂರು ನೌಕರರಲ್ಲಿ ಯಾರ ಕಿರುಸಹಿ ತೋರಿಸಿದರೂ ಕಣ್ಣು ಮಿಟುಕಿಸುವುದರೊಳಗೆ ಯಾರದೆಂದು ಹೇಳುತ್ತಿದ್ದೆ. ಊಟದ ಬಿಡುವಿನಲ್ಲಿ ಇದನ್ನೇ ಆಟ ಮಾಡಿಕೊಂಡು ನನ್ನ ಜೊತೆ ಪಂಥ ಕಟ್ಟಿ ಸೋತವರು ಎಷ್ಟೋ ಜನ.

ನನ್ನ ತಂಗಿಯೂ ಆ ಸ್ಟೂಲಿನಲ್ಲಿ ಕೂತವಳೇ. ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಅಮ್ಮ ಹೋದಾಗ ಅವಳಿಗೆ ಏಳು ವರ್ಷ. ನಾನೇ ಜಡೆ ಹಾಕಿದೆ, ನಾನೇ ಓದಿಸಿದೆ, ನಾನೇ ಈ ಕೆಲಸದ ಪರೀಕ್ಷೆ ಕಟ್ಟಿಸಿದೆ. ಇಬ್ಬರೂ ಮದುವೆಯಾಗಲಿಲ್ಲ. “ಅಕ್ಕಂದು ಮೊದಲಾಗ್ಲಿ” ಎಂದು ಅವಳು, “ಅವಳದೊಂದು ಮುಗೀಲಿ” ಎಂದು ನಾನು, ಹೀಗೆ ಹೇಳುತ್ತಾ ಹೇಳುತ್ತಾ ಇಬ್ಬರ ತಲೆಯೂ ನೆರೆಯಿತು.

ಅವಳು ಸೇರಿದ ಎರಡನೇ ವಾರ ಒಂದು ಪುಟ ಪೂರ್ತಿ ಟಿಕ್ ಹಾಕಿ ಒಂದಕ್ಕೂ ಕಿರುಸಹಿ ಹಾಕಿರಲಿಲ್ಲ. ಅಕ್ಕನ ವಿಭಾಗ, ನಡೆಯುತ್ತದೆ ಎಂದುಕೊಂಡಿದ್ದಳೋ ಏನೋ. ನಾನು ಎಲ್ಲರೆದುರು ಆ ಹಾಳೆಯನ್ನು ಎತ್ತಿ ಹಿಡಿದು ಅವಳ ಬೆವರಿಳಿಸಿದೆ. ತಂಗಿಯೆಂದು ಬಿಟ್ಟಳು ಅನ್ನಿಸಿಕೊಳ್ಳಬಾರದಲ್ಲ, ಅದಕ್ಕೆ ಬೇರೆಯವರಿಗಿಂತ ಎರಡು ಪಟ್ಟು ಬೈದೆ. ಅವಳು ಕಣ್ಣೀರು ಹಾಳೆಯ ಮೇಲೆ ಬೀಳದಂತೆ ಕತ್ತು ಆಚೆ ಹಿಡಿದುಕೊಂಡು ನಲವತ್ತು ಸಾಲಿಗೂ ಹಾಕಿದಳು. ಅಲ್ಲಿಂದ ಇಲ್ಲಿಯವರೆಗೆ ಅವಳು ಒಮ್ಮೆಯೂ ಮರೆತವಳಲ್ಲ. ಮನೆಯ ಕ್ಯಾಲೆಂಡರಿನಲ್ಲಿ ಹಾಲು ಬಂದ ದಿನಕ್ಕೆ ಟಿಕ್ ಹಾಕಿದರೂ ಪಕ್ಕದಲ್ಲಿ ಅವಳ ಕಿರುಸಹಿ ಇರುತ್ತದೆ. ಅದನ್ನು ನೋಡಿ ಎಷ್ಟು ಸಲ ನಕ್ಕಿದ್ದೇನೆ.

ಇನ್ನು ನೆಲಮಾಳಿಗೆಯ ವಿಷಯ. ರಿಜಿಸ್ಟರುಗಳೆಲ್ಲ ಇರುವುದು ಕೆಳಗೆ, ಕಿಟಕಿಯಿಲ್ಲದ ಉದ್ದನೆಯ ಕೋಣೆಯಲ್ಲಿ. ಚಾವಣಿಗೆ ಅಂಟಿಕೊಂಡು ಹೋದ ನೀರಿನ ಪೈಪು ವರ್ಷವಿಡೀ ಜಿನುಗುತ್ತದೆ. ಹಳೆಯ ಬೈಂಡುಗಳಿಗೆಲ್ಲ ಬೂಷ್ಟು ಹಿಡಿದಿದೆ. ಒಂದು ರಿಜಿಸ್ಟರ್ ಬಿಡಿಸಿದರೆ ಬೂದುಬಣ್ಣದ ಧೂಳು ಎದ್ದು ಮೂಗಿನೊಳಗೆ ಹೋಗಿ ಕೂರುತ್ತದೆ. ಅಲ್ಲಿರುವುದು ಒಬ್ಬರೇ, ರೆಕಾರ್ಡ್ ಕೀಪರ್. ಯಾವ ರಿಜಿಸ್ಟರ್ ಬೇಕೆಂದು ನಾವು ಚೀಟಿ ಬರೆದು, ಹಗ್ಗದಿಂದ ಎಳೆಯುವ ಮರದ ಪೆಟ್ಟಿಗೆಯಲ್ಲಿ ಹಾಕಿ ಕೆಳಗಿಳಿಸುತ್ತೇವೆ. ಅವರು ಹುಡುಕಿ ಪೆಟ್ಟಿಗೆಯಲ್ಲಿಟ್ಟು ಗಂಟೆ ಬಾರಿಸುತ್ತಾರೆ, ನಾವು ಎಳೆದುಕೊಳ್ಳುತ್ತೇವೆ. ಪೆಟ್ಟಿಗೆ ಓಡಾಡುವ ಕಂಡಿ ನನ್ನ ಮೇಜಿನ ಪಕ್ಕದಲ್ಲೇ ಇದೆ. ಕೆಳಗಿನ ಮಾತು, ಸೀನು, ಕೆಮ್ಮು ಎಲ್ಲವೂ ಅದರೊಳಗಿಂದ ಮೇಲೆ ಬರುತ್ತದೆ.

ನಾನು ಸೇರುವ ಮೊದಲು ಒಬ್ಬ ರೆಕಾರ್ಡ್ ಕೀಪರ್ ಹದಿನಾರು ವರ್ಷ ಅಲ್ಲೇ ಇದ್ದು, ಕೆಮ್ಮಿ ಕೆಮ್ಮಿ ಹಾಸಿಗೆ ಹಿಡಿದು ತೀರಿಕೊಂಡರಂತೆ. ಆಗ ನೌಕರರ ಸಂಘದವರು ಆಡಳಿತದ ಎದುರು ಕೂತು, ಏಳು ಸಲ ಮಾತು ಮುರಿದು ಮತ್ತೆ ಕೂತು, ಒಪ್ಪಂದದಲ್ಲಿ ಹದಿನಾಲ್ಕನೇ ಕಲಂ ಬರೆಸಿದರು. ಯಾರನ್ನೂ ಒಂದೇ ಸಲಕ್ಕೆ ಮೂರು ತಿಂಗಳಿಗಿಂತ ಹೆಚ್ಚು ನೆಲಮಾಳಿಗೆಯಲ್ಲಿ ಇಡಬಾರದು, ಆಮೇಲೆ ಎರಡು ವರ್ಷ ಅವರನ್ನು ಮತ್ತೆ ಕೆಳಗೆ ಕಳಿಸುವ ಹಾಗಿಲ್ಲ. ಅಷ್ಟೇ, ಎರಡು ಸಾಲು. ನಾವೆಲ್ಲ ಸರದಿಯ ಮೇಲೆ ಇಳಿದು, ಒಂದಷ್ಟು ಕೆಮ್ಮಿ, ಎದ್ದು ಬಂದವರು.

ಈ ಸಲದ ಸರದಿ ನನ್ನ ತಂಗಿಯದು. ಮೊದಲ ತಿಂಗಳು ಸೀನು, ಎರಡನೇ ತಿಂಗಳು ಕೆಮ್ಮು. ಮೂರನೇ ತಿಂಗಳಿಗೆ ನಮ್ಮ ಮೂರನೇ ಮಹಡಿಯ ಮನೆಗೆ ಹತ್ತುವಾಗ ಎರಡು ಕಡೆ ಮೆಟ್ಟಿಲ ಮೇಲೆ ಕೂರತೊಡಗಿದಳು. ಡಾಕ್ಟರು ಎದೆಯ ಚಿತ್ರ ತೆಗೆಸಿ ನೋಡಿ ನನ್ನನ್ನು ಪಕ್ಕಕ್ಕೆ ಕರೆದರು.

“ಇವರ ಶ್ವಾಸಕೋಶಕ್ಕೆ ಆ ಬೂಷ್ಟು ಆಗಿಬರಲ್ಲ. ಇನ್ನು ಮೂರ್ನಾಲ್ಕು ವಾರ ಹೇಗೋ ತಡ್ಕೋಬಹುದು. ಅದಕ್ಕಿಂತ ಮೇಲೆ ಅಲ್ಲೇ ಇದ್ರೆ ಹಾಳಾಗಿದ್ದು ಮತ್ತೆ ಸರಿ ಹೋಗಲ್ಲ ನೋಡಿ.”

ಅವರ ಚೀಟಿಯನ್ನು ಕಚೇರಿಯ ಮುಖ್ಯಸ್ಥರಾದ ಸಾಹೇಬರಿಗೆ ಕೊಟ್ಟೆವು. ಅವರು ಅದನ್ನು ವೈದ್ಯಕೀಯ ಮಂಡಳಿಗೆ ಕಳಿಸಿದರು. ಮಂಡಳಿ ಸೇರುವುದು ವರ್ಷಕ್ಕೊಮ್ಮೆ, ಈ ವರ್ಷದ್ದು ಮುಗಿದಿತ್ತು. ಆದರೂ ನಾವು ಹೆದರಲಿಲ್ಲ. ಮುಂದಿನ ತಿಂಗಳ ಒಂದನೇ ತಾರೀಖಿಗೆ ಅವಳ ಮೂರು ತಿಂಗಳು ಮುಗಿಯುತ್ತಿತ್ತು. ಬೆಳಿಗ್ಗೆ ಎದ್ದ ಕೂಡಲೇ ಅವಳು ಕ್ಯಾಲೆಂಡರಿನ ಮುಂದೆ ನಿಂತು ಹಿಂದಿನ ದಿನಕ್ಕೆ ಟಿಕ್ ಹಾಕಿ, “ಇನ್ನು ಇಪ್ಪತ್ತೆರಡು ಅಕ್ಕ” ಅನ್ನುತ್ತಿದ್ದಳು. ನಾನು ಹೂಂ ಅನ್ನುತ್ತಿದ್ದೆ.

ಅಷ್ಟರಲ್ಲಿ ಹೊಸ ಕಾಯಿದೆ ಜಾರಿಗೆ ಬಂತು. ಸರ್ಕಾರಿ ನೌಕರರ ಸಂಘ ಎಲ್ಲರ ಪರವಾಗಿ ಕೂತು ಮಾತಾಡಿ ಒಪ್ಪಂದ ಮಾಡಿಕೊಳ್ಳುವ ಹಕ್ಕು, ಕಾಗದದ ಭಾಷೆಯಲ್ಲಿ ಸಾಮೂಹಿಕ ಚೌಕಾಸಿಯ ಹಕ್ಕು, ಇನ್ನು ತಾನಾಗಿ ಉಳಿಯುವುದಿಲ್ಲವಂತೆ. ಪ್ರತಿ ಕಚೇರಿಯಲ್ಲೂ ನೌಕರರು ಗುಟ್ಟಾಗಿ ಮತ ಹಾಕಿ ‘ಬೇಕು’ ಅನ್ನಬೇಕು. ಮತ ಹಾಕಲು ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಎಂದಿದ್ದರೆ ಚಿಂತೆಯಿರಲಿಲ್ಲ. ಕಚೇರಿಯಲ್ಲಿ ಇರುವವರೆಲ್ಲರಲ್ಲಿ ಅರ್ಧಕ್ಕಿಂತ ಹೆಚ್ಚು ಬೇಕು. ರಜೆಯಲ್ಲಿದ್ದವರು, ಹೆದರಿ ಬಾರದವರು, ಮರೆತು ಮನೆಗೆ ಹೋದವರು ಎಲ್ಲರೂ ‘ಬೇಡ’ ಎಂದ ಹಾಗೆ. ಸೋತರೂ ಸಂಘ ಇರಬಹುದು, ನಿವೃತ್ತರಾದವರಿಗೆ ಹೂಗುಚ್ಛ ಕೊಡಬಹುದು. ಒಪ್ಪಂದ ಮಾತ್ರ ಅದೇ ದಿನ ರದ್ದು, ಹದಿನಾಲ್ಕನೇ ಕಲಂ ಸಮೇತ. ಮತದಾನದ ದಿನ ಇಪ್ಪತ್ತಾರನೇ ತಾರೀಖು, ತಂಗಿ ಮೇಲೆ ಬರುವುದಕ್ಕೆ ಸ್ವಲ್ಪವೇ ಮೊದಲು.

“ಚೌಕಾಸಿ ಅಂದ್ರೇನಮ್ಮ, ನಾವೇನು ತರಕಾರಿ ಕೊಳ್ಳೋಕೆ ಬಂದಿದೀವಾ?” ಎಂದು ನಮ್ಮ ದಫೇದಾರ ಕೇಳಿದ. ಚಹಾ ತರುವುದರಿಂದ ಬಾಗಿಲು ಕಾಯುವವರೆಗೆ ಎಲ್ಲ ಅವನದೇ. “ಅದೇ ಇಲ್ದಿದ್ರೆ ಅವರು ಹೇಳಿದ ರೇಟಿಗೇ ಚೀಲ ತುಂಬ್ಕೊಂಡು ಹೋಗ್ಬೇಕು” ಎಂದೆ. ಅವನಿಗೆ ಅರ್ಥವಾಯಿತು. ಅದೇ ಮಾತನ್ನು ಅವನು ಕಟ್ಟಡವಿಡೀ ಹೇಳಿಕೊಂಡು ತಿರುಗಿದ.

ಸಂಘದ ಕಾರ್ಯದರ್ಶಿಗೆ ನಮ್ಮಲ್ಲಿ ‘ಕಲಂ ಮಾವ’ ಅಂತ ಹೆಸರು. ಚಹಾ ತಣ್ಣಗಿದ್ದರೂ ಯಾವುದೋ ಕಲಂ ಉಲ್ಲಂಘನೆಯಾಗಿದೆ ಅನ್ನುವ ಮನುಷ್ಯ. ನಿವೃತ್ತಿಗೆ ಎಂಟು ತಿಂಗಳಿತ್ತು, ಸುಮ್ಮನೆ ಕಾಲ ತಳ್ಳಬಹುದಿತ್ತು. ಆದರೆ ಆ ಮೂರು ವಾರ ಅವರು ಒಂದೊಂದು ಮೇಜಿಗೂ ಹೋಗಿ ಬಗ್ಗಿ ಮಾತಾಡಿದರು. “ಎಪ್ಪತ್ತೆರಡು ಬೇಕಮ್ಮ, ಎಪ್ಪತ್ತೆರಡು” ಎಂದು ನನ್ನ ಹತ್ತಿರ ಬಂದಾಗಲೆಲ್ಲ ಗೊಣಗುತ್ತಿದ್ದರು. “ನಿನ್ನ ತಂಗಿ ಮುಖ ನೋಡಿದ್ರೆ ನನಗೆ ಊಟ ಸೇರಲ್ಲ.” ಅವರ ಕಲಂಗಳ ಕಾಟಕ್ಕೆ ತಲೆ ಚಚ್ಚಿಕೊಳ್ಳುತ್ತಿದ್ದ ನಾನು ಆಗ ಅವರನ್ನು ತುಂಬಾ ಇಷ್ಟಪಟ್ಟೆ.

ಸಾಹೇಬರು ಮತದಾನಕ್ಕೆ ತಮ್ಮ ಕೋಣೆಯ ಎದುರಿನ ಸಭಾಂಗಣ ಕೊಟ್ಟಿದ್ದರು. ಗಾಜಿನ ಬಾಗಿಲು, ಯಾರು ಒಳಗೆ ಹೋದರೂ ಅವರ ಕುರ್ಚಿಗೆ ಕಾಣುತ್ತದೆ. ಅರ್ಧ ಜನ ಹೆದರಿ ಬರುವುದಿಲ್ಲವೆಂದು ನಮಗೆ ಗೊತ್ತಿತ್ತು. ಕಲಂ ಮಾವ ಅರ್ಜಿಯ ಮೇಲೆ ಅರ್ಜಿ ಹಾಕಿ, ಚುನಾವಣೆ ನಡೆಸುವ ಆಯೋಗಕ್ಕೂ ಬರೆದು, ಕೊನೆಗೆ ನಮ್ಮ ತಪಾಸಣೆ ಕೋಣೆಯನ್ನೇ ಗಿಟ್ಟಿಸಿದರು. ಎಲ್ಲರೂ ಓಡಾಡಿ ಪರಿಚಯವಿರುವ ಕೋಣೆ, ಎಲ್ಲರೂ ಕೂತು ಕೆಲಸ ಕಲಿತ ಮೇಜುಗಳು. ಜನ ಅಳುಕಿಲ್ಲದೆ ಬರುತ್ತಾರೆಂದು ನಾವು ಹಿಗ್ಗಿದೆವು. ಈ ಇಡೀ ಹೋರಾಟದಲ್ಲಿ ನಾವು ಗೆದ್ದದ್ದು ಅದೊಂದೇ.

ಆಯೋಗದಿಂದ ಬಂದ ಸೂಚನೆ ನಾಲ್ಕು ಪುಟವಿತ್ತು, ಹತ್ತೊಂಬತ್ತು ಅಂಶ. ಅಷ್ಟನ್ನೂ ಕೈಪತ್ರದಲ್ಲಿ ಅಚ್ಚು ಹಾಕಿಸಬೇಕೆಂದು ಕಲಂ ಮಾವ ಹಠ ಹಿಡಿದರು. ಅಷ್ಟುದ್ದ ಯಾರು ಓದುತ್ತಾರೆಂದು ನಾನು ಕೆಂಪು ಪೆನ್ಸಿಲ್ ಹಿಡಿದು ಹೊಡೆಯುತ್ತಾ ಬಂದೆ. ಹನ್ನೆರಡನೇ ಅಂಶದ ಹತ್ತಿರ ಅವರು ನನ್ನ ಕೈ ತಡೆದರು. ‘ಮತಪತ್ರದ ಮೇಲೆ ಮತದಾರರ ಗುರುತು ಸಿಗುವಂಥ ಯಾವುದೇ ಬರಹ ಇರಕೂಡದು.’

“ಇದೊಂದು ಇರ್ಲಮ್ಮ.”

“ಏನ್ ಮಾವ ನೀವು! ಗುಟ್ಟಿನ ಮತ ಅಂತ ಮೇಲೇನೇ ಬರ್ದಿದೀವಿ. ಅದ್ರ ಮೇಲೆ ಹೆಸ್ರು ಬರೆಯೋಕೆ ನಮ್ಮೋರೇನು ಹಾಲು ಕುಡಿಯೋ ಮಕ್ಕಳಾ?”

ಅವರು ನಕ್ಕುಬಿಟ್ಟರು. ನಾನು ಹನ್ನೆರಡನೆಯದನ್ನು ಹೊಡೆದು ಹಾಕಿ, ಕೊನೆಗೆ ಉಳಿದ ಆರು ಅಂಶಗಳಿಗೆ ಟಿಕ್ ಹಾಕಿ, ಪಕ್ಕದಲ್ಲಿ ಕಿರುಸಹಿ ಹಾಕಿ ಅಚ್ಚಿಗೆ ಕಳಿಸಿದೆ.

ಇಪ್ಪತ್ತಾರರ ಬೆಳಿಗ್ಗೆ ನಮ್ಮ ಮೂರು ಮೇಜುಗಳ ಸುತ್ತ ರಟ್ಟಿನ ಮರೆ ಕಟ್ಟಿದರು. ಆಯೋಗದವರು ತಂದಿದ್ದ ನಾಲ್ಕು ಪೆನ್ನುಗಳಲ್ಲಿ ಎರಡು ಬರೆಯುತ್ತಿರಲಿಲ್ಲ, ಒಂದು ಸೋರುತ್ತಿತ್ತು. ಮತ ಕೆಡಬಾರದೆಂದು ದಫೇದಾರನೇ ನನ್ನ ಡ್ರಾಯರಿನಿಂದ ಕೆಂಪು ಪೆನ್ಸಿಲ್ಲುಗಳನ್ನು ತೆಗೆದು, ಚೂಪಾಗಿ ಹೆರೆದು, ದಾರ ಕಟ್ಟಿ ಮೇಜಿಗೊಂದರಂತೆ ಇಟ್ಟ. ಆಯೋಗದವರು ಆಗಬಹುದೆಂದರು. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನು ಮಾಡಿದ್ದು ಒಳ್ಳೆಯದಕ್ಕೇ.

ನಾನು ಮೊದಲ ಹತ್ತು ಜನರಲ್ಲೇ ಮತ ಹಾಕಿದೆ. ‘ಬೇಕು’ ಎಂಬ ಚೌಕದಲ್ಲಿ ಒತ್ತಿ ಟಿಕ್ ಎಳೆದ ರಭಸಕ್ಕೆ ಪೆನ್ಸಿಲ್ಲಿನ ಮೊನೆ ಪಟ್ಟೆಂದು ಮುರಿಯಿತು. ಹೆರೆಯಲು ಕೊಟ್ಟು, ಮತಪತ್ರ ಮಡಚಿ, ಡಬ್ಬಿಗೆ ಹಾಕಿ ಬಂದೆ. ಆ ಮೊನೆ ಮುರಿಯದೆ ಇದ್ದಿದ್ದರೆ ನಾನೇನು ಮಾಡುತ್ತಿದ್ದೆನೆಂದು ನನಗೆ ಚೆನ್ನಾಗಿ ಗೊತ್ತು.

ತಂಗಿ ಹನ್ನೊಂದು ಗಂಟೆಗೆ ನೆಲಮಾಳಿಗೆಯಿಂದ ಮೆಟ್ಟಿಲು ಹತ್ತಿ ಬಂದಳು. ಬಾಗಿಲ ಚೌಕಟ್ಟು ಹಿಡಿದು ಉಸಿರು ತಿರುಗಿಸಿಕೊಂಡು ಒಳಗೆ ಹೋದಳು. ಹೊರಗೆ ಬಂದಾಗ ಮುಖದಲ್ಲಿ ನಗುವಿತ್ತು. “ಹಾಕ್ದೆ ಅಕ್ಕ, ನನ್ನ ಹಳೇ ಜಾಗದಲ್ಲೇ ಕೂತು ಹಾಕ್ದೆ. ನಿನ್ನ ಎಡಗಡೆ” ಎಂದಳು. ಒಂದನೇ ತಾರೀಖಿನಿಂದ ಟೈಪಿಂಗ್ ವಿಭಾಗದಲ್ಲಿ ಕಿಟಕಿ ಪಕ್ಕದ ಕುರ್ಚಿ ಸಿಕ್ಕರೆ ಸಾಕು ಎಂದೂ ಹೇಳಿದಳು.

ಸಂಜೆ ನಾಲ್ಕಕ್ಕೆ ಡಬ್ಬಿ ಮುಚ್ಚಿದಾಗ ಎಪ್ಪತ್ತೊಂಬತ್ತು ಜನ ಮತ ಹಾಕಿದ್ದರು. ಕಲಂ ಮಾವ ನನ್ನ ಕೈ ಹಿಡಿದು ಅಲ್ಲಾಡಿಸಿದರು. “ಏಳು ಜನ ಕೈ ಕೊಟ್ರೂ ನಾವೇ ಕಣಮ್ಮ! ಎಣಿಕೆಗೆ ನೀನೇ ಕೂರು, ನನ್ನ ಎದೆ ಈಗಲೇ ನಗಾರಿ ಆಗಿದೆ.”

ಹಾಗೆ ಸಂಘದ ಪರವಾಗಿ ನಾನು ಕೂತೆ. ಆಡಳಿತದ ಪರವಾಗಿ ಸೂಪರಿಂಟೆಂಡೆಂಟ್ ಕೂತಿದ್ದ. ಎಣಿಕೆ ಅಧಿಕಾರಿ ಆಯೋಗದಿಂದ ಬಂದ ಚಿಕ್ಕ ವಯಸ್ಸಿನ ಹೆಂಗಸು, ಮೆಲುಮಾತಿನವಳು, ಒಂದೊಂದು ಮಡಿಕೆಯನ್ನೂ ನಿಧಾನ ಬಿಡಿಸುತ್ತಿದ್ದಳು. ಬೇಕು, ಬೇಕು, ಬೇಕು. ನಾನು ಮನಸ್ಸಿನಲ್ಲೇ ತಂಗಿಯ ಕುರ್ಚಿಯನ್ನು ಕಿಟಕಿಯ ಹತ್ತಿರಕ್ಕೆ ಸರಿಸುತ್ತಿದ್ದೆ. ಇಪ್ಪತ್ತಮೂರನೆಯದನ್ನು ಬಿಡಿಸಿದವಳು ಕೈ ನಿಲ್ಲಿಸಿದಳು.

‘ಬೇಕು’ ಚೌಕದಲ್ಲಿ ಅಂದವಾದ ಕೆಂಪು ಟಿಕ್. ಅದರ ಬಲಕ್ಕೆ, ನಾನು ಕಲಿಸಿದಷ್ಟೇ ಅಂತರದಲ್ಲಿ, ಬಾಲ ಬಿಟ್ಟ ಒಂದು ಕಿರುಸಹಿ.

“ಇದೇನಿದು?” ಎಂದಳು ಅವಳು.

“ಅಯ್ಯೋ, ಅದು ನಮ್ಮ ರಿಜಿಸ್ಟರ್ ಹೊಲಿಯೋ ಬೈಂಡರಂದು!” ಎಂದೆ.

ನಗುತ್ತಲೇ ಎಂದೆ. ಊಟದ ಬಿಡುವಿನ ಆಟದಲ್ಲಿ ಹೇಳುತ್ತಿದ್ದ ಹಾಗೆ, ಎಲ್ಲರಿಗಿಂತ ಮೊದಲು, ಗೆದ್ದವಳ ದನಿಯಲ್ಲಿ.

ಸೂಪರಿಂಟೆಂಡೆಂಟ್ ಮೀಸೆಯ ಮೇಲೆ ಬೆರಳಾಡಿಸಿ, “ಮತದಾರರ ಗುರುತು ಸಿಕ್ಕಿದ ಹಾಗಾಯ್ತಲ್ಲ ಮೇಡಂ” ಎಂದ. ಅಧಿಕಾರಿ ಆ ಹಾಳೆಯನ್ನು ಬೇರೆ ಇಟ್ಟಳು.

“ಅದು ಅಭ್ಯಾಸ ಮೇಡಂ,” ಎಂದೆ, “ನಮ್ಮಲ್ಲಿ ಟಿಕ್ ಹಾಕಿದ್ರೆ ಇನಿಷಿಯಲ್ ಹಾಕ್ಲೇಬೇಕು. ಕೈ ತಾನಾಗೇ ಹಾಕಿಬಿಡುತ್ತೆ. ನಾನೇ ಕಲಿಸಿದ್ದು. ಅವನು ‘ಬೇಕು’ಗೇ ಟಿಕ್ ಹಾಕಿದಾನಲ್ಲ, ನೋಡಿ.”

“ನನಗೆ ಅರ್ಥ ಆಗುತ್ತೆ. ಬರೀ ಗೀಚು ಅಂತ ಇದ್ದಿದ್ರೆ ನಾನು ಬಿಡಬಹುದಿತ್ತು. ಯಾರದು ಅಂತ ನನಗೇನು ಗೊತ್ತಾಗ್ತಿತ್ತು? ನೀವೇ ಹೆಸರು ಹೇಳಿಬಿಟ್ರಿ.” ಅವಳ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಜಗಳ ಕಾಯಲು ಒಂದು ನೆಪ ಸಿಗುತ್ತಿತ್ತು.

ಆಮೇಲೆ ಇನ್ನೊಂದು ಬಂತು, ಮತ್ತೊಂದು ಬಂತು. ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಆದರೆ ಒಂದರ ಗುರುತು ಸಿಕ್ಕಿದ ಮೇಲೆ ಅಂಥವೆಲ್ಲ ಒಂದೇ ಜಾತಿ, ಅಸಿಂಧು. ಟೈಪಿಸ್ಟಿನ ದುಂಡನೆಯ ಅಕ್ಷರ. ಅಂಚೆ ವಿಭಾಗದವನ ಕೊಂಡಿ. ಮುಂದಿನ ವರ್ಷ ನಿವೃತ್ತಿಯಾಗುವ ಗುಮಾಸ್ತೆಯ ಅಲುಗುವ ಗೆರೆ. ಒಂದೊಂದನ್ನೂ ನಾನು ಬಲ್ಲೆ, ಒಂದೊಂದೂ ನನ್ನ ಸ್ಟೂಲಿನಲ್ಲಿ ಕೂತು ಕಲಿತದ್ದು. ಎಲ್ಲರೂ ‘ಬೇಕು’ ಎಂದಿದ್ದರು. ಎಷ್ಟು ಶ್ರದ್ಧೆಯಿಂದ ಎಂದಿದ್ದರೆಂದರೆ ಹೇಳಿದ್ದಕ್ಕೆ ಸಹಿಯನ್ನೂ ಹಾಕಿದ್ದರು.

ಎಂಟಾದವು. ಒಂಬತ್ತನೆಯದನ್ನು ಬಿಡಿಸಿದಳು. ಎರಡು ಅಕ್ಷರ, ಕೊನೆಯಲ್ಲಿ ಒಳಕ್ಕೆ ಸುತ್ತಿದ ಒಂದು ಸುಳಿ. ಬೇರೆಯವರು ನಕಲು ಮಾಡಬಾರದೆಂದು ಆ ಸುಳಿಯನ್ನು ನಾನೇ ಅವಳ ಕೈ ಹಿಡಿದು ಹಾಕಿಸಿದ್ದೆ.

“ಇದು ಯಾರದು, ಗೊತ್ತಾ?” ಅಧಿಕಾರಿ ಸುಮ್ಮನೆ ಕೇಳಿದಳು. ಬಹುಶಃ ನನ್ನ ಮುಖ ನೋಡಿ.

“ಗೊತ್ತಿಲ್ಲ” ಎಂದೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ಕಿರುಸಹಿಯನ್ನು ಗೊತ್ತಿಲ್ಲ ಎಂದದ್ದು ಅದೇ ಮೊದಲು. ಅದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ಬೇಕು ಅರವತ್ತೆಂಟು. ಬೇಡ ಎರಡು. ಅಸಿಂಧು ಒಂಬತ್ತು. ಬೇಕಾಗಿದ್ದದ್ದು ಎಪ್ಪತ್ತೆರಡು. ಫಲಿತಾಂಶದ ಹಾಳೆಗಳನ್ನು ಅಧಿಕಾರಿ ನನ್ನ ಕಡೆ ಸರಿಸಿ, “ಪ್ರತಿ ಪುಟಕ್ಕೂ ಒಂದೊಂದು ಇನಿಷಿಯಲ್ ಹಾಕಿ ಮೇಡಂ” ಎಂದಳು. ಹಾಕಿದೆ.

ಕಲಂ ಮಾವ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದರು. ಹೇಳಿದೆ, ಬೈಂಡರನ ಹೆಸರನ್ನು ನಾನೇ ಬಾಯಿಬಿಟ್ಟದ್ದನ್ನೂ ಹೇಳಿದೆ. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಬಹಳ ಹೊತ್ತು ಒರೆಸಿದರು. “ಮೇಲ್ಮನವಿಗೆ ಅವಕಾಶ ಇಲ್ಲ. ಮತ್ತೆ ಮತ ಕೇಳ್ಬೇಕಂದ್ರೆ ಮುಂದಿನ ವರ್ಷ. ಇದಕ್ಕೆ ಯಾವ ಕಲಮ್ಮೂ ಇಲ್ಲಮ್ಮ” ಎಂದರು. ಹನ್ನೆರಡನೇ ಅಂಶದ ಮಾತನ್ನು ಅವರು ಎತ್ತಲಿಲ್ಲ. ಅವತ್ತೂ ಎತ್ತಲಿಲ್ಲ, ಆಮೇಲೂ ಎತ್ತಿಲ್ಲ.

ಮಾರನೇ ದಿನ ಬೆಳಿಗ್ಗೆಯೇ ಸಾಹೇಬರ ಕೋಣೆಗೆ ಹೋದೆ. ತಂಗಿಯ ಬದಲು ನನ್ನನ್ನು ಕೆಳಗೆ ಕಳಿಸಿ ಎಂದು ಕೇಳಿದೆ. ಜೀವನದಲ್ಲಿ ಯಾರ ಮುಂದೆಯೂ ಕೈ ಮುಗಿಯದವಳು ಮುಗಿದೆ.

“ನೀವು ಯಾರ ಪರವಾಗಿ ಮಾತಾಡ್ತಿದೀರಿ? ಸಂಘದ ಪರವಾಗಾ? ಆ ಹಕ್ಕು ನಿನ್ನೆಗೆ ಮುಗೀತಲ್ಲ.” ಅವರೇನೂ ಕೆಟ್ಟ ಮನುಷ್ಯರಲ್ಲ, ಕುರ್ಚಿ ತೋರಿಸಿ ಕೂರಿ ಎಂದರು ಕೂಡ. “ನಿಮ್ಮನ್ನ ಕೆಳಗೆ ಕಳಿಸಿದ್ರೆ ತಪಾಸಣೆ ಯಾರು ಮಾಡ್ತಾರೆ? ಈ ಕಟ್ಟಡದಲ್ಲಿ ನಿಮ್ಮಷ್ಟು ಚೆನ್ನಾಗಿ ಸಹಿ ಗುರುತಿಸೋರು ಯಾರಿದ್ದಾರೆ ಹೇಳಿ.”

ಮನೆಗೆ ಬಂದು ತಂಗಿಗೆ ಕೆಲಸ ಬಿಟ್ಟುಬಿಡು ಎಂದೆ. ಅವಳು ದಿಂಬುಗಳಿಗೆ ಒರಗಿ ಕೂತಿದ್ದಳು, ಮಲಗಿದರೆ ಕೆಮ್ಮು ಬರುತ್ತದೆ. “ಬಿಟ್ರೆ ಕಚೇರಿ ಕೊಡೋ ಆಸ್ಪತ್ರೆ ಚೀಟಿನೂ ಹೋಗುತ್ತಲ್ಲಕ್ಕ. ಆಗ ಮನೇಲಿ ಕೂತು ಕೆಮ್ಮೋದು, ಔಷಧಿ ಇಲ್ದೆ” ಎಂದಳು. ದಿಂಬು ಸರಿಪಡಿಸಿಕೊಂಡು ಕೇಳಿದಳು.

“ಆ ಒಂಬತ್ತು ಜನ ಯಾರಕ್ಕ?”

“ಗುಟ್ಟಿನ ಮತ ಕಣೆ. ಹೇಳಬಾರದು.”

“ಬೈಂಡರಣ್ಣ ಅಂತೂ ಅಳ್ತಾ ಕೂತಿದ್ದ ಇವತ್ತು.” ಬೆರಳುಗಳನ್ನು ನೋಡಿಕೊಂಡಳು. “ನಾನು ಹಾಕಿದ್ನಾ ಅಕ್ಕ? ಟಿಕ್ ಹಾಕಿದ್ದು ನೆನಪಿದೆ. ಆಮೇಲೆ ಕೈ ಏನು ಮಾಡ್ತೋ, ಎಷ್ಟು ತಲೆ ಕೆರ್ಕೊಂಡ್ರೂ ನೆನಪಾಗ್ತಿಲ್ಲ.”

“ಇಲ್ಲ. ನಿಂದು ಇರ್ಲಿಲ್ಲ ಅದ್ರಲ್ಲಿ.”

“ನಿಜವಾಗ್ಲೂ?”

“ನಿನ್ನ ಇನಿಷಿಯಲ್ ನನಗೆ ಗೊತ್ತಾಗಲ್ವಾ? ಯಾರ ಹತ್ರ ಹೇಳ್ತಿದೀಯ?” ಎಂದು ಎಂದಿನ ಹಾಗೆ ಗದರಿದೆ.

ಅವಳು ತಲೆಯಾಡಿಸಿ ಎದ್ದು ಹೋಗಿ ಕ್ಯಾಲೆಂಡರಿನಲ್ಲಿ ಆ ದಿನದ ಹಾಲಿಗೆ ಟಿಕ್ ಹಾಕಿದಳು. ಹಾಕಿ ಅಲ್ಲೇ ನಿಂತಳು. ಟಿಕ್ಕಿನ ಪಕ್ಕದಲ್ಲಿ ಸುಳಿ ಸುತ್ತಿದ ಆ ಎರಡು ಅಕ್ಷರ ಆಗಲೇ ಬಿದ್ದಿದ್ದವು. ಅವುಗಳನ್ನು ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಬಂದು ದಿಂಬಿಗೆ ಒರಗಿದಳು. ನಿಜ ಹೇಳುವ ಧೈರ್ಯ ನನಗಿರಲಿಲ್ಲ, ಈಗಲೂ ಇಲ್ಲ.

ಒಂದನೇ ತಾರೀಖು ಬಂತು. ಹತ್ತೂವರೆಗೆ ಸೂಪರಿಂಟೆಂಡೆಂಟ್ ಒಂದು ಆದೇಶವನ್ನು ಎರಡು ಪ್ರತಿ ಮಾಡಿ ನನ್ನ ಮೇಜಿನ ಮೇಲಿಟ್ಟ. ಪದೇ ಪದೇ ಜನರನ್ನು ಬದಲಿಸುವುದರಿಂದ ಕೆಲಸಕ್ಕೆ ತೊಂದರೆಯಾಗುತ್ತಿರುವ ಕಾರಣ, ಈಗಿರುವ ರೆಕಾರ್ಡ್ ಕೀಪರ್ ಮುಂದಿನ ಆದೇಶದವರೆಗೆ ನೆಲಮಾಳಿಗೆಯಲ್ಲೇ ಮುಂದುವರಿಯುವುದು. ಕೆಳಗೆ ಎರಡು ಚೌಕ. ಒಂದು, ‘ಓದಿ ತಿಳಿದುಕೊಂಡಿದ್ದೇನೆ’, ನೌಕರರದು. ಇನ್ನೊಂದು, ‘ಸಹಿ ಪರಿಶೀಲಿಸಲಾಗಿದೆ’, ನನ್ನದು. ಎರಡಕ್ಕೂ ಟಿಕ್ ಹಾಕಿ ಕಿರುಸಹಿ ಮಾಡಿದ ಮೇಲೆ ಒಂದು ಪ್ರತಿ ಅವಳಿಗೆ, ಇನ್ನೊಂದು ಕಡತಕ್ಕೆ.

“ನಾನೇ ಇಳಿದು ಕೊಡ್ಲಾ?” ಎಂದ ಅವನು. ಕೆಳಗೆ ನೋಡುತ್ತಿದ್ದ. ಎಷ್ಟಾದರೂ ನನ್ನ ಕೈಯಲ್ಲಿ ಬೈಸಿಕೊಂಡವನು.

“ಬೇಡ” ಎಂದೆ.

ಪೆಟ್ಟಿಗೆಯಲ್ಲಿಟ್ಟು ಹಗ್ಗ ಬಿಟ್ಟೆ. ಕೆಳಗೆ ಮುಟ್ಟಿದ ಸದ್ದು ಕೇಳಿತು. ಆಮೇಲೆ ಕೆಮ್ಮು, ನಡುವೆ ಒಂದು ನಿಲುಗಡೆ, ಮತ್ತೆ ಕೆಮ್ಮು. ಓದುತ್ತಿದ್ದಾಳೆ ಎಂದುಕೊಂಡೆ. ಗಂಟೆ ಬಾರಿಸಿದಳು. ಎಳೆದುಕೊಂಡೆ. ಎರಡೂ ಪ್ರತಿಯಲ್ಲಿ ಅವಳ ಚೌಕದಲ್ಲಿ ನೀಟಾದ ಟಿಕ್, ಪಕ್ಕದಲ್ಲಿ ನೀಟಾದ ಕಿರುಸಹಿ, ತುದಿಯಲ್ಲಿ ಸುಳಿ. ಒಂದು ಕೂದಲೆಳೆಯಷ್ಟು ತಪ್ಪಿರಲಿಲ್ಲ.

ಕಡತದ ಪ್ರತಿಗೆ ಟಿಕ್ ಹಾಕಿ ಕಿರುಸಹಿ ಮಾಡಿದೆ. ಅವಳ ಪ್ರತಿಗೂ ಟಿಕ್ ಹಾಕಿದೆ. ಅಲ್ಲಿಗೆ ಪೆನ್ಸಿಲ್ ಕೆಳಗಿಟ್ಟೆ. ಅದು ಅವಳ ಹತ್ತಿರ ಇರುವ ಕಾಗದ, ಅವಳು ಮತ್ತೆ ಮತ್ತೆ ತೆಗೆದು ನೋಡುವ ಕಾಗದ, ಅದರ ಮೇಲೆ ನನ್ನ ಹೆಸರು ಇರಬಾರದು ಎನ್ನಿಸಿತು. ಹಾಗೇ ಪೆಟ್ಟಿಗೆಗೆ ಹಾಕಿ ಇಳಿಸಿಬಿಟ್ಟೆ. ಹೊಸ ಹುಡುಗಿ ನನ್ನ ಎಡಗಡೆಯ ಸ್ಟೂಲಿನಲ್ಲಿ ಕೂತು ತಲೆಯೆತ್ತದೆ ಒಂದು ಮರಣಪತ್ರದ ಸಾಲುಗಳಿಗೆ ಟಿಕ್ ಹಾಕುತ್ತಿದ್ದಳು.

ಸ್ವಲ್ಪ ಹೊತ್ತಿಗೆ ಮತ್ತೆ ಗಂಟೆಯಾಯಿತು. ಎಳೆದೆ. ಅದೇ ಕಾಗದ ವಾಪಸು ಬಂದಿತ್ತು. ಕಂಡಿಯೊಳಗಿಂದ ಅವಳ ದನಿ, ಉಸಿರು ಹಿಡಿದು ಹಿಡಿದು, ಮೇಲೆ ಬಂತು.

“ಅಕ್ಕಾ... ಟಿಕ್ ಹಾಕಿದೀಯ. ಇನಿಷಿಯಲ್ ಹಾಕೋದು ಮರ್ತಿದೀಯ ನೋಡು.”

ನಾನು ಹಾಕಿ ಕೆಳಗಿಳಿಸಿದೆ.